ಟ್ಯಾಂಕರ್ ನೀರಿಗೆ ಆರ್‌ಓ ಫಿಲ್ಟರ್ ಬೇಕಾ, ಕುದಿಸಿದರೆ ಸಾಕಾ? ಪುಣೆ ಕಡೆಯವರು ದಯವಿಟ್ಟು ಹೇಳಿ

ಧಾಯರಿ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಪುಣೆಯ ಸಿಂಹಗಡ ರಸ್ತೆ ಕಡೆ, ಧಾಯರಿಯಲ್ಲಿ ಇದ್ದೇವೆ. ಪಾಲಿಕೆ ನೀರು ಸ್ವಲ್ಪ ಹೊತ್ತು ಬಂದು ಹೋಗುತ್ತದೆ, ಉಳಿದದ್ದಕ್ಕೆಲ್ಲ ಟ್ಯಾಂಕರ್ರೇ ಗತಿ. ಈಗ ಮಳೆ ಶುರುವಾಗಿದೆ, ಆದರೂ ಟ್ಯಾಂಕರ್ ನಿಂತಿಲ್ಲ. ನೀರು ಯಾವ ಬಾವಿಯದು ಎಂದು ಕೇಳಿದರೆ ಡ್ರೈವರ್‌ಗೂ ಸರಿಯಾಗಿ ಗೊತ್ತಿಲ್ಲ.

2025ರ ಜನವರಿಯಲ್ಲಿ ನಮ್ಮ ಸುತ್ತಮುತ್ತ ಜಿಬಿಎಸ್ (ಗಿಯಾನ್-ಬಾರೆ ಸಿಂಡ್ರೋಮ್, ಕೈಕಾಲಿನ ಶಕ್ತಿ ಕುಂದಿಸುವ ನರದ ಕಾಯಿಲೆ) ಬಂದಾಗ ಎಷ್ಟು ಹೆದರಿದ್ದೆವು ಅಂತ ಇಲ್ಲಿನವರಿಗೆ ನೆನಪಿರುತ್ತದೆ. ನಾಂದೇಡ್ ಗಾವ್, ಕಿರ್ಕಟವಾಡಿ, ಖಡಕ್‌ವಾಸ್ಲಾ, ಎಲ್ಲ ನಮ್ಮ ಮಗ್ಗುಲಲ್ಲೇ. ಆಗ ತಿಂಗಳುಗಟ್ಟಲೆ ಎಲ್ಲರೂ ನೀರು ಕುದಿಸಿದರು. ಈಗ ನೋಡಿದರೆ ಎಲ್ಲರೂ ಮರೆತ ಹಾಗಿದೆ. ನನ್ನ ಮಗನಿಗೆ ಮೂರು ವರ್ಷ, ಮತ್ತೆ ಮತ್ತೆ ಭೇದಿ ಆಗುತ್ತಿದೆ. ಮೊನ್ನೆ ಆರ್‌ಓ ಮಾರುವವನು ಬಂದು ಪೆನ್ನಿನಂಥ ಮೀಟರ್ ನೀರಿಗಿಟ್ಟು, ಟಿಡಿಎಸ್ 380 ಇದೆ, ಇದನ್ನು ಮಗುವಿಗೆ ಕುಡಿಸುತ್ತೀರಾ ಅಂತ ಕೇಳಿದ. ಅತ್ತೆ ಕುದಿಸಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಇನ್ನೊಂದು ವಿಷಯ, ಇದು ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ನಮ್ಮ ಹಿಂದುಗಡೆ ಹೊಸ ಕಟ್ಟಡ ಏಳುತ್ತಿದೆ. ಅಲ್ಲಿ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ, ಸುರಪುರ ಕಡೆಯ ನಮ್ಮವರೇ ಇದ್ದಾರೆ. ಅವರಿಗೂ ಇದೇ ಟ್ಯಾಂಕರ್ ನೀರು, ನೀಲಿ ಡ್ರಮ್ಮುಗಳಲ್ಲಿ ತುಂಬಿಸಿಡುತ್ತಾರೆ. ಬಟ್ಟೆ ಒಗೆಯುವ ಕಲ್ಲು ಡ್ರಮ್ಮಿನ ಪಕ್ಕದಲ್ಲೇ ಇದೆ. ಮಕ್ಕಳು ಚೊಂಬು ಅದ್ದಿ ಅಲ್ಲೇ ಕುಡಿಯುತ್ತವೆ. ಕನ್ನಡ ಕೇಳಿ ಒಬ್ಬ ತಾಯಿ ಮಾತಾಡಿಸಿದಳು, ಅವಳ ಒಂದೂವರೆ ವರ್ಷದ ಕೂಸು ವಾರದಿಂದ ಭೇದಿಯಲ್ಲಿ ಒಣಗಿದೆ, ಹಲ್ಲು ಬರುತ್ತಿರಬೇಕು ಅಂತ ಸುಮ್ಮನಿದ್ದಾಳೆ. ಅವಳಿಗೆ ಏನು ಹೇಳಬೇಕು? ನನಗೆ ತಿಳಿದಷ್ಟು ಹೇಳಿದೆ, ಆದರೆ ಸರಿಯಾಗಿ ತಿಳಿದವರು ಹೇಳಿದರೆ ಒಳ್ಳೆಯದು.

ಪಿಂಪ್ರಿ ನೀರಿನವನು

ಮೊದಲು ಆ ಮೀಟರ್ ಮಾತು ಬಿಡಿ. ನಾನು ನೀರಿನ ಪರೀಕ್ಷೆಯ ಕೆಲಸದಲ್ಲೇ ಇರುವುದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವ ಉಪ್ಪುಗಳ ಲೆಕ್ಕ. ಅಷ್ಟೇ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅದರಲ್ಲೇ ಬಂತು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಇದ್ದರೆ ಒಪ್ಪಿಗೆ. ನಿಮ್ಮದು 380, ಅದರಲ್ಲಿ ಭಯಪಡುವಂಥದ್ದು ಏನೂ ಇಲ್ಲ. 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ನಿಷೇಧಿಸಬೇಕು ಎಂದು ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಹೇಳಿತ್ತು, ಯಾಕೆಂದರೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಸಿಂಕಿಗೆ ಹೋಗುತ್ತದೆ. ಟ್ಯಾಂಕರ್‌ಗೆ ದುಡ್ಡು ಕೊಟ್ಟು ತರಿಸಿದ ನೀರು ಅದು.

ಆ ಪೆನ್ ಮೀಟರಿಗೆ ಒಂದೇ ಒಂದು ಬ್ಯಾಕ್ಟೀರಿಯಾನೂ ಕಾಣುವುದಿಲ್ಲ. ಚರಂಡಿ ನೀರು ಸ್ವಲ್ಪ ಸೇರಿದ ಗ್ಲಾಸನ್ನು ಇಟ್ಟರೂ ಅದು 300 ಅಂತ ತೋರಿಸಿ ಸುಮ್ಮನಾಗಬಹುದು. ನಿಮ್ಮ ಮಗುವಿಗೆ ಭೇದಿ ತರುವುದು ಉಪ್ಪಲ್ಲ, ಮಲದಿಂದ ನೀರಿಗೆ ಬರುವ ಕ್ರಿಮಿ. ಜನವರಿಯಲ್ಲಿ ಇಲ್ಲಿನ ರೋಗಿಗಳ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತ್ತು. ಅದು ಕೋಳಿಯ ಕರುಳಿನಲ್ಲೂ ಇರುತ್ತದೆ, ಹೊಲಸು ನೀರಿನಲ್ಲೂ ಇರುತ್ತದೆ. ಮೊದಲು ಭೇದಿ ಬರುತ್ತದೆ. ಕೆಲವರಲ್ಲಿ ಆ ಕ್ರಿಮಿಯ ಮೇಲೆ ಎದ್ದ ದೇಹದ ರಕ್ಷಣೆ ನಮ್ಮದೇ ನರಗಳ ಮೇಲೆ ತಿರುಗಿಬೀಳುತ್ತದೆ, ಅದೇ ಜಿಬಿಎಸ್. ಪುಣೆಯಲ್ಲಿ ಶಂಕಿತರು 200 ದಾಟಿದ್ದರು.

ಹಾಗಾದರೆ ಮಾಡಬೇಕಾದ್ದು ಏನು? ಸೊಸೈಟಿಯ ಟ್ಯಾಂಕಿನಲ್ಲಿ ಕ್ಲೋರಿನ್, ಮನೆಯಲ್ಲಿ ಕುದಿಸುವುದು, ಕುದಿಸಿದ್ದನ್ನು ಮುಚ್ಚಿಡುವುದು. ಇಷ್ಟೇ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ನೋಡುವುದು ಬಹಳ ಸುಲಭ. ಒಂದು ಪುಟ್ಟ ಕಿಟ್ ಸಿಗುತ್ತದೆ, ಗಾಜಿನ ಟ್ಯೂಬಿನಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಹಾಕಿದರೆ ಕ್ಲೋರಿನ್ ಇದ್ದಷ್ಟೂ ಹಳದಿಯಾಗುತ್ತದೆ. ಬಣ್ಣವೇ ಬರಲಿಲ್ಲ ಅಂದರೆ ನೀರಿಗೆ ಕಾವಲೇ ಇಲ್ಲ ಅಂತ ಅರ್ಥ. ಟ್ಯಾಂಕರ್ ಖಾಲಿ ಮಾಡುವ ಮೊದಲೇ ಪೈಪಿನಿಂದ ಹಿಡಿದು ನೋಡಿ, ನಿಮ್ಮ ಸೆಕ್ರೆಟರಿ ಎದುರಿಗೇ ನೋಡಿ.

ನಿಜವಾಗಿ ಮಲದ ಕ್ರಿಮಿ ಇದೆಯಾ ಎಂದು ತಿಳಿಯಬೇಕಾದರೆ ಎಚ್‌ಟುಎಸ್ ಬಾಟಲಿ ತರಿಸಿ. ನೀರು ತುಂಬಿಸಿ ಮನೆಯಲ್ಲೇ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು, ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯಬಾರದು. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು 1982ರಲ್ಲೇ ತಂದ ವಿಧಾನ ಇದು. ಸೊಸೈಟಿ ಮೀಟಿಂಗಿನಲ್ಲಿ ಹತ್ತು ಮಾತು ಆಡುವ ಬದಲು ಆ ಕಪ್ಪು ಬಾಟಲಿ ಮೇಜಿನ ಮೇಲಿಡಿ, ಸಾಕು.

ಡೊಂಬಿವಲಿಯಿಂದ

ಮೇಲಿನವರು ಹೇಳಿದ್ದು ಸರಿ. ಆದರೆ ಪಾಲಿಕೆ ನೀರು ಬಂತು ಅಂತ ನಂಬಿ ಕೂರಬೇಡಿ. ಮುಂಬೈನಲ್ಲಿ ನೀರು ಇಡೀ ದಿನ ಇರುವುದಿಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಆಗ ಎಲ್ಲೋ ಒಂದು ಸಣ್ಣ ಬಿರುಕಿದ್ದರೆ ಹೊರಗಿನ ಗಟಾರದ ನೀರನ್ನು ಪೈಪು ಒಳಗೆ ಎಳೆದುಕೊಳ್ಳುತ್ತದೆ. ಚಾಳುಗಳಲ್ಲಿ ನೋಡಿ, ನಳದ ಪೈಪುಗಳು ಗಟಾರದ ಒಳಗೇ ಹಾಯ್ದು ಹೋಗಿರುತ್ತವೆ, ಅದರ ಮೇಲೆ ಜನ ಮೋಟರ್ ಬೇರೆ ಹಚ್ಚುತ್ತಾರೆ, ಆಗ ಎಳೆತ ಇನ್ನೂ ಜಾಸ್ತಿ. ಅದಕ್ಕೇ ನೀರು ಬಿಟ್ಟ ತಕ್ಷಣ ಬರುವ ಮೊದಲ ಕೊಡವನ್ನು ಕುಡಿಯಲು ಹಿಡಿಯಬೇಡಿ, ನೆಲ ಒರೆಸಲು ಇಟ್ಟುಕೊಳ್ಳಿ.

ಟೈಫಾಯ್ಡ್ ಲಸಿಕೆಯನ್ನೂ ಮರೆಯಬೇಡಿ. ಹೊಸ ಕಾಂಜುಗೇಟ್ ಲಸಿಕೆಯನ್ನು ನವಿ ಮುಂಬೈ ಪಾಲಿಕೆಯವರು 2018ರಲ್ಲೇ ಮಕ್ಕಳಿಗೆ ಅಭಿಯಾನ ಮಾಡಿ ಕೊಟ್ಟರು. ಒಂದೇ ಡೋಸ್. ಮಕ್ಕಳ ಡಾಕ್ಟರನ್ನು ಕೇಳಿ.

ಶುದ್ಧಗಂಗೆ

ಕ್ಲೋರಿನ್ ಬಗ್ಗೆ ಇಷ್ಟು ಸಲೀಸಾಗಿ ಹೇಳಬೇಡಿ. ಅದು ರಾಸಾಯನಿಕ, ದಿನಾ ಕುಡಿದರೆ ಕ್ಯಾನ್ಸರ್ ಬರುತ್ತದೆ ಅಂತ ಓದಿದ್ದೇನೆ. ನಾವು ತಾಮ್ರದ ಬಿಂದಿಗೆಯಲ್ಲಿ ರಾತ್ರಿ ಇಟ್ಟು ಕುಡಿಯುತ್ತೇವೆ. ಊರಲ್ಲಿ ಬಾವಿಗೆ ಪಟಿಕ ಹಾಕುತ್ತಿದ್ದರು, ಯಾರಿಗೆ ಏನಾಗಿತ್ತು?

ಪಿಂಪ್ರಿ ನೀರಿನವನು

ನಿಮ್ಮ ಭಯ ಅರ್ಥವಾಗುತ್ತದೆ. ಕ್ಲೋರಿನ್ ನೀರಿನಲ್ಲಿರುವ ಎಲೆ, ಕೊಳೆಯ ಜೊತೆ ಸೇರಿ ಕೆಲವು ಉಪವಸ್ತುಗಳನ್ನು ಮಾಡುತ್ತದೆ ಅನ್ನುವುದು ನಿಜ, ಅದಕ್ಕೆ ಮಿತಿಗಳೂ ಇವೆ. ಆದರೆ ಅವುಗಳಿಗೆ ಹೆದರಿ ಕ್ರಿಮಿನಾಶ ಮಾಡುವುದರಲ್ಲಿ ರಾಜಿ ಮಾಡಿಕೊಳ್ಳಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಸ್ಪಷ್ಟವಾಗಿ ಹೇಳುತ್ತದೆ. ಒಂದು ಕಡೆ ಎಷ್ಟೋ ವರ್ಷದ ನಂತರದ ಬಹಳ ಸಣ್ಣ ಅಪಾಯ, ಇನ್ನೊಂದು ಕಡೆ ಈ ವಾರವೇ ಮಗುವಿಗೆ ಬರುವ ಭೇದಿ. ಪ್ರಪಂಚದಲ್ಲಿ ಪ್ರತಿ ವರ್ಷ ಐದು ವರ್ಷದೊಳಗಿನ 4 ಲಕ್ಷಕ್ಕೂ ಹೆಚ್ಚು ಮಕ್ಕಳು ಭೇದಿಯಿಂದ ಸಾಯುತ್ತವೆ. ಇದರಲ್ಲಿ ಯಾವುದಕ್ಕೆ ಮೊದಲು ಹೆದರಬೇಕು?

ಪಟಿಕ ಕೆಸರನ್ನು ತಳಕ್ಕೆ ಕೂರಿಸುತ್ತದೆ, ಕ್ರಿಮಿ ಸಾಯುವುದಿಲ್ಲ. ಮಳೆಗಾಲದ ಕೆಂಪು ನೀರಿಗೆ ಒಳ್ಳೆಯದೇ, ಆದರೆ ಆಮೇಲೆ ಕ್ಲೋರಿನ್ ಹಾಕಲೇಬೇಕು. ತಾಮ್ರದಲ್ಲಿ ರಾತ್ರಿಯಿಡೀ ಇಟ್ಟರೆ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ, ಅದು ಸುಳ್ಳಲ್ಲ. ಆದರೆ ಮೂಲ ಯಾವುದು ಅಂತಲೇ ಗೊತ್ತಿಲ್ಲದ ಟ್ಯಾಂಕರ್ ನೀರನ್ನು ಅದೊಂದನ್ನೇ ನಂಬಿ ಮಗುವಿಗೆ ಕೊಡಬೇಡಿ.

ಅಂಗಳದ ದಾದಿ

ನಾನು ನರ್ಸ್, ಪುಣೆಯಲ್ಲೇ ಇದ್ದೇನೆ. ನೀರಿನ ಮಾತು ಆಯಿತು, ಆ ಕೂಸಿನ ಮಾತು ಮೊದಲು ಆಗಬೇಕಿತ್ತು. ವಾರದಿಂದ ಭೇದಿ ಅಂದರೆ ಇವತ್ತೇ ನೋಡಿ. ಕಣ್ಣು ಒಳಗೆ ಹೋಗಿವೆಯಾ? ಅತ್ತರೆ ಕಣ್ಣೀರು ಬರುತ್ತದಾ? ಉಚ್ಚೆ ಹೋಗಿ ಎಷ್ಟು ಹೊತ್ತಾಯಿತು? ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದೆ ಹೋಗುತ್ತದಾ? ಮಲದಲ್ಲಿ ರಕ್ತ ಇದೆಯಾ, ಕೂಸು ಮಂಕಾಗಿದೆಯಾ, ಕುಡಿಯಲು ಬಾಯೇ ತೆರೆಯುತ್ತಿಲ್ವಾ? ಇದರಲ್ಲಿ ಒಂದಿದ್ದರೂ ಯೋಚನೆ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೂ ಒಂದು ಸಲ ಡಾಕ್ಟರಿಗೆ ತೋರಿಸಿ. ಹಲ್ಲು ಬರುವುದರಿಂದ ಇಂಥ ಭೇದಿ ಬರುವುದಿಲ್ಲ. ಆ ವಯಸ್ಸಿನಲ್ಲಿ ಕೂಸು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ, ಹೊಲಸು ಹೊಟ್ಟೆಗೆ ಹೋಗುತ್ತದೆ, ಅದಕ್ಕೇ ಎರಡೂ ಒಟ್ಟಿಗೆ ಕಾಣುವುದು.

ಓಆರ್‌ಎಸ್ ಪುಡಿಯ ಪ್ಯಾಕೆಟ್ ಸರ್ಕಾರಿ ದವಾಖಾನೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ದೊಡ್ಡ ಪ್ಯಾಕೆಟ್ಟಿಗೆ ಸರಿಯಾಗಿ ಒಂದು ಲೀಟರ್ ನೀರು, ಕುದಿಸಿ ಆರಿಸಿದ್ದು. ಅರ್ಧ ಪುಡಿ, ಒಂದು ಗ್ಲಾಸ್ ನೀರು ಅಂತ ಅಂದಾಜಿಗೆ ಮಾಡಬಾರದು. ಪ್ಯಾಕೆಟ್ ಇಲ್ಲದ ಹೊತ್ತಿಗೆ, ಒಂದು ಲೀಟರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಲೇಬಾರದು. ಎರಡು ವರ್ಷದ ಒಳಗಿನ ಕೂಸಿಗೆ ಪ್ರತಿ ಸಲ ಭೇದಿ ಆದಮೇಲೆ 50ರಿಂದ 100 ಮಿಲಿ, ಚಮಚದಲ್ಲಿ ಗುಟುಕು ಗುಟುಕಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಮೆಡಿಕಲ್ ಶಾಪಿನ ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸುಗಳು ಓಆರ್‌ಎಸ್ ಅಲ್ಲ, ಆ ಸಕ್ಕರೆಗೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಪ್ಯಾಕೆಟ್ ಮೇಲೆ ಡಬ್ಲ್ಯೂಎಚ್‌ಓ ಫಾರ್ಮುಲಾ ಎಂದು ಬರೆದಿದೆಯಾ ನೋಡಿ. ಜೊತೆಗೆ ಜಿಂಕ್, ಈ ವಯಸ್ಸಿಗೆ ದಿನಕ್ಕೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ ಪೂರ್ತಿ ಕೊಡಬೇಕು. ಭೇದಿ ಕಟ್ಟುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ.

ಆ ಶೆಡ್ಡುಗಳ ಕ್ಯಾಂಪಿನಲ್ಲಿ ಇದೆಲ್ಲ ಆಗುತ್ತದಾ ಎಂದು ಅನುಮಾನ ಬೇಡ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದಾಗ ಪಶ್ಚಿಮ ಬಂಗಾಳದ ಬೊನಗಾಂವ್ ಕ್ಯಾಂಪಿನಲ್ಲಿ ಕಾಲರಾ ಹಬ್ಬಿತು, ಸಲೈನ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನಾಬಿಸ್ ಈ ಉಪ್ಪು ಸಕ್ಕರೆಯ ನೀರನ್ನೇ ಡ್ರಮ್ಮುಗಳಲ್ಲಿ ತುಂಬಿಸಿಟ್ಟು ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಕುಡಿಸಿದವರು ತಾಯಂದಿರು, ಅಕ್ಕಂದಿರು. ನಿಮ್ಮ ಹಿಂದಿನ ಶೆಡ್ಡಿನ ತಾಯಿಗೂ ಆಗುತ್ತದೆ.

ಊಟದ ವಿಷಯಕ್ಕೆ ಬರುತ್ತೇನೆ, ಇಲ್ಲೇ ಜಾಸ್ತಿ ಕೆಡುವುದು. ಭೇದಿ ಅಂದ ಕೂಡಲೇ ಊಟ ನಿಲ್ಲಿಸಿ ಬರೀ ಚಹಾ, ಬಿಸ್ಕತ್ತು ಕೊಡುತ್ತಾರೆ. ಬೇಡ. ಎದೆಹಾಲು ನಿಲ್ಲಿಸಬಾರದು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮೊಸರು ಕಲಸಿ, ಇಲ್ಲವೇ ಅನ್ನ ಬೇಳೆ ನುರಿದು ಒಂದು ಚಮಚ ಎಣ್ಣೆ ಹಾಕಿ, ಬಾಳೆಹಣ್ಣು ಕಿವುಚಿ, ಸ್ವಲ್ಪ ಸ್ವಲ್ಪವೇ ಹೆಚ್ಚು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ. ಮತ್ತೆ ಮತ್ತೆ ಭೇದಿಯಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಕೂಸು ಸೊರಗುತ್ತದೆ, ಸೊರಗಿದ ಕೂಸಿಗೆ ಮುಂದಿನ ಭೇದಿ ಬೇಗ ಬರುತ್ತದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗೆ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಕ್ಕಳು ಮಹಾರಾಷ್ಟ್ರದಲ್ಲಿ ಶೇಕಡಾ 35.2, ನಮ್ಮ ಕರ್ನಾಟಕದಲ್ಲಿ 35.4. ಅಲ್ಲಿಂದ ಇಲ್ಲಿಗೆ ದುಡಿಯಲು ಬಂದವರ ಮಕ್ಕಳು ಎರಡೂ ಕಡೆಯ ಲೆಕ್ಕದಿಂದ ಹೊರಗೇ ಉಳಿಯುತ್ತಾರೆ.

ಅಂಗನವಾಡಿಯಲ್ಲಿ ತೋಳು ಅಳೆಯುವ ಬಣ್ಣದ ಪಟ್ಟಿ ಇರುತ್ತದೆ. ಎಡತೋಳಿನ ಮಧ್ಯಕ್ಕೆ ಸುತ್ತಿದಾಗ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ. ಕೆಂಪು ಬಂದರೆ ಬರೀ ಓಆರ್‌ಎಸ್ ಕೊಟ್ಟು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಆಸ್ಪತ್ರೆಗೆ ಒಯ್ಯಿರಿ.

ಹಾಂ, ಜಿಬಿಎಸ್ ಲಕ್ಷಣವನ್ನೂ ಎಲ್ಲರೂ ತಿಳಿದಿರಲಿ. ಭೇದಿಯಾಗಿ ಒಂದೆರಡು ವಾರಕ್ಕೆ ಪಾದದಲ್ಲಿ ಜುಮುಜುಮು, ನೆಲದಿಂದ ಏಳಲು ಆಗದಿರುವುದು, ಮೆಟ್ಟಿಲು ಹತ್ತುವಾಗ ಕಾಲು ಸೋಲುವುದು. ಕಾಯಬಾರದು, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಧಾಯರಿ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಂಜೆಯೇ ಅವಳನ್ನು ಕರೆದುಕೊಂಡು ಪಾಲಿಕೆ ದವಾಖಾನೆಗೆ ಹೋಗಿ ಬಂದೆ. ನೀರಿನ ಅಂಶ ಕಡಿಮೆಯಾಗಿದೆ, ಅಡ್ಮಿಟ್ ಬೇಡ ಅಂದರು. ಓಆರ್‌ಎಸ್, ಜಿಂಕ್ ಕೊಟ್ಟರು. ಅಲ್ಲೇ ಕೂತು ಚಮಚದಲ್ಲಿ ಕುಡಿಸಿದಳು. ತೋಳು ಹಳದಿಯಲ್ಲಿ ಬಂತು.

ಎರಡು ಪ್ರಶ್ನೆ. ನಮ್ಮ ನೆಲದಡಿಯ ಟ್ಯಾಂಕ್ 20,000 ಲೀಟರ್, ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಮತ್ತೆ ಕ್ಯಾಂಪಿನವರಿಗೆ ನೀರು ಕುದಿಸಿ ಅಂದರೆ ಗ್ಯಾಸ್ ಎಲ್ಲಿಂದ ತರುತ್ತಾರೆ? ರೊಟ್ಟಿ ಬಡಿಯುವುದೇ ಸೈಟಿನ ಚೂರುಪಾರು ಕಟ್ಟಿಗೆಯಲ್ಲಿ.

ಪಿಂಪ್ರಿ ನೀರಿನವನು

ಒಳ್ಳೆಯ ಪೌಡರ್ ಆದರೆ 1000 ಲೀಟರಿಗೆ 2.5 ಗ್ರಾಂ ಎಂಬುದು ತಿಳಿನೀರಿನ ಲೆಕ್ಕ. ನಿಮ್ಮ ಟ್ಯಾಂಕಿಗೆ 50 ಗ್ರಾಂನಿಂದ ಶುರು ಮಾಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ಹಳದಿ ಟೆಸ್ಟ್ ಮಾಡಿ, ಬಣ್ಣ ಬರದಿದ್ದರೆ ಇನ್ನಷ್ಟು ಹಾಕಿ. ಟ್ಯಾಂಕರ್ ನೀರು ಕೆಸರಾಗಿದ್ದರೆ ಜಾಸ್ತಿ ಬೇಕಾಗುತ್ತದೆ, ಕೊಳೆಯೇ ಕ್ಲೋರಿನ್ ತಿಂದುಬಿಡುತ್ತದೆ. ತೆರೆದಿಟ್ಟ ಚೀಲದ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ಅದನ್ನು ನಂಬಬೇಡಿ. ಕ್ಲೋರಿನ್‌ಗೆ ಜಗ್ಗದ ಕ್ರಿಮಿಗಳೂ ಕೆಲವು ಇವೆ, ಅದಕ್ಕೇ ನಿಮ್ಮ ಮಗನ ನೀರನ್ನು ಕುದಿಸಿಯೇ ಕೊಡಿ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಡಿ, ಕೈ ಅದ್ದಬೇಡಿ.

ಕ್ಯಾಂಪಿಗೆ ಕುದಿಸುವ ಮಾತು ಆಡಲೇಬೇಡಿ, ಆಗದ ಕೆಲಸ. ಅವರಿಗೆ ಕ್ಲೋರಿನ್ ಮಾತ್ರೆ ಅಥವಾ ಡ್ರಾಪ್ಸ್, ಬಾಟಲಿ ಮೇಲೆ ಬರೆದಷ್ಟೇ. ಮಡಚಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಲಿ. ಕುಡಿಯುವುದಕ್ಕೆ ಬೇರೆಯೇ ಒಂದು ಮುಚ್ಚಳದ, ನಲ್ಲಿ ಇರುವ ಡ್ರಮ್ಮು ಇರಲಿ. ಚೊಂಬು ಅದ್ದುವುದು ನಿಂತರೆ ಅರ್ಧ ರೋಗ ಅಲ್ಲೇ ನಿಲ್ಲುತ್ತದೆ.

ಕಲಬುರಗಿ ಮಂದಿ

ಅಕ್ಕ, ನಾನು ಇಂಥ ಸೈಟುಗಳಲ್ಲೇ ಸೂಪರ್‌ವೈಸರ್. ನೀವು ಮಾಡಿದ್ದು ದೊಡ್ಡದು. ಆದರೆ ಆ ಡ್ರಮ್ಮು, ಆ ಮಾತ್ರೆ ನೀವು ಕೈಯಿಂದ ಕೊಡುವ ದಾನ ಆಗಬಾರದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿದ್ದರು, ಕುಡಿಯಲು ಯೋಗ್ಯವಾದ ನೀರನ್ನು ಮಾಲೀಕನೇ ಕೊಡಬೇಕು ಅಂತ. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ನೀರಿನ ಜಾಗ ಬಟ್ಟೆ ಒಗೆಯುವ ಕಡೆಯಿಂದ, ಮೂತ್ರಿ, ಪಾಯಖಾನೆಯಿಂದ ಆರು ಮೀಟರ್ ಒಳಗೆ ಇರಕೂಡದು ಎಂದು 1996ರ ಕಾಯ್ದೆಯಲ್ಲಿತ್ತು. ಕುಡಿಯುವ ನೀರು ಎಂದು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಬೋರ್ಡ್ ಇರಬೇಕು ಎಂದೂ ಇತ್ತು. ಅದರ ಪ್ರಕಾರ ನಿಮ್ಮ ಹಿಂದಿನ ಸೈಟಿನಲ್ಲಿ ಹೆಚ್ಚಿನವರು ನಮ್ಮವರೇ ಆಗಿದ್ದರೆ ಅದು ಕನ್ನಡದಲ್ಲೇ ಇರಬೇಕಿತ್ತು. 50ಕ್ಕಿಂತ ಹೆಚ್ಚು ಹೆಂಗಸರು ಕೆಲಸಕ್ಕಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಒಂದು ಕೋಣೆಯನ್ನೂ ಕೊಡಬೇಕಿತ್ತು. ನಾನು ನೋಡಿದ ಸೈಟುಗಳಲ್ಲಿ ಸಿಮೆಂಟು ನೆನೆಸುವ ನೀರಿಗೂ ಕುಡಿಯುವ ನೀರಿಗೂ ಒಂದೇ ಡ್ರಮ್ಮು ಇರುತ್ತಿತ್ತು. ಕೇಳುವವರಿಲ್ಲ ಅಂತಲೇ ಹಾಗೆ.

ಕೆಲಸಗಾರರು ಬಾಯಿ ಬಿಟ್ಟರೆ ಮುಕಾದಮ್ (ಅವರನ್ನು ಕೆಲಸಕ್ಕೆ ಕರೆತಂದ ಮೇಸ್ತ್ರಿ) ನಾಳೆಯಿಂದ ಬರಬೇಡ ಅನ್ನುತ್ತಾನೆ. ನಿಮ್ಮ ಸೊಸೈಟಿ ಲೆಟರ್‌ಹೆಡ್ಡಿನಲ್ಲಿ ಬರೆದು ಬಿಲ್ಡರ್‌ಗೆ ಕೊಡಿ, ಒಂದು ಪ್ರತಿಯನ್ನು ವಾರ್ಡ್ ಆಫೀಸಿಗೆ. ಟ್ಯಾಂಕರ್ ಇಬ್ಬರಿಗೂ ಒಂದೇ, ಹಾಗಾಗಿ ಕೇಳುವ ಹಕ್ಕು ನಿಮಗೂ ಇದೆ. ಆ ಮಕ್ಕಳನ್ನು ಹತ್ತಿರದ ಅಂಗನವಾಡಿಯಲ್ಲಿ ಬರೆಸಿ, ಬೇರೆ ಊರಿನವರು ಅಂತ ಹಿಂದೆ ಕಳಿಸುವ ಹಾಗಿಲ್ಲ. ಊರಲ್ಲಿ ಹೆಸರು ಇದ್ದರೆ ಪೋಷಣ್ ಟ್ರ್ಯಾಕರ್ ಎಂಬ ಅಂಗನವಾಡಿಯ ಆ್ಯಪ್‌ನಲ್ಲಿ ಇಲ್ಲಿಗೆ ವರ್ಗ ಮಾಡಿಕೊಡುತ್ತಾರೆ. ಮರಾಠಿ ಬರದೆ ಆ ತಾಯಂದಿರು ಬಾಗಿಲಿನಿಂದಲೇ ವಾಪಸ್ ಬರುತ್ತಾರೆ, ಮೊದಲ ಸಲ ಯಾರಾದರೂ ಜೊತೆಗೆ ಹೋದರೆ ಸಾಕು.

ಧಾಯರಿ ಅಮ್ಮ

ಪತ್ರ ಬರೆಯುತ್ತಿದ್ದೇನೆ, ಆರು ಮೀಟರ್ ವಿಷಯವನ್ನೂ ಬೋರ್ಡಿನ ವಿಷಯವನ್ನೂ ಹಾಗೇ ಸೇರಿಸಿದ್ದೇನೆ. ಭಾನುವಾರ ಸೊಸೈಟಿ ಮೀಟಿಂಗ್ ಇದೆ, ಎಚ್‌ಟುಎಸ್ ಬಾಟಲಿಗಳನ್ನು ತರಿಸಿದ್ದೇನೆ. ಒಂದಕ್ಕೆ ನಮ್ಮ ನಳದ ನೀರು, ಒಂದಕ್ಕೆ ಟ್ಯಾಂಕರಿನದು, ಒಂದಕ್ಕೆ ಅವರ ಡ್ರಮ್ಮಿನದು. ಸಿಂಹಗಡ ರಸ್ತೆ ಕಡೆ ಬೇರೆ ಸೊಸೈಟಿಯವರು ಇದನ್ನು ಓದುತ್ತಿದ್ದರೆ ನಿಮ್ಮ ಟ್ಯಾಂಕರ್ ಯಾವ ಬಾವಿಯಿಂದ ಬರುತ್ತದೆ ಎಂದು ಕೇಳಿ ಇಲ್ಲಿ ಬರೆಯಿರಿ.